ನೆತ್ತಿ ಮೇಲೆ ಡ್ರೋನ್ ಬಂದಾಗ ಗೂಡಿನ ಹಕ್ಕಿ ಏನು ಮಾಡುತ್ತದೆ?

2021ರ ಮೇ ತಿಂಗಳು. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್ ಪಕ್ಕದಲ್ಲಿ ಬೋಲ್ಸಾ ಚಿಕಾ ಎಂಬ ಸಂರಕ್ಷಿತ ಜೌಗು ಪ್ರದೇಶವಿದೆ. ಅಲ್ಲಿನ ಒಂದು ಮರಳು ದ್ವೀಪದಲ್ಲಿ ಎಲಿಗೆಂಟ್ ಟರ್ನ್ ಎಂಬ ಕಡಲ ಹಕ್ಕಿಗಳು ದೊಡ್ಡ ಗುಂಪಿನಲ್ಲಿ ಮೊಟ್ಟೆ ಇಟ್ಟು ಕಾವು ಕೂತಿದ್ದವು. ಡ್ರೋನ್ ಹಾರಿಸಲೇಬಾರದು ಎಂಬ ನಿಯಮ ಇರುವ ಜಾಗ ಅದು. ಆದರೂ ಯಾರೋ ಹಾರಿಸಿದರು. ಅದು ದ್ವೀಪದ ಮೇಲೆ ಬಿತ್ತು. ಹಕ್ಕಿಗಳು ಒಟ್ಟಿಗೆ ಎದ್ದು ಹೋದವು, ಮತ್ತೆ ಆ ಮೊಟ್ಟೆಗಳ ಹತ್ತಿರ ಬರಲಿಲ್ಲ. ಸಾವಿರಕ್ಕೂ ಜಾಸ್ತಿ ಮೊಟ್ಟೆ ಬಿಸಿಲಲ್ಲಿ ಹಾಗೇ ಉಳಿದವು.

ಡ್ರೋನ್ ಬಿದ್ದು ನೇರವಾಗಿ ಎಷ್ಟು ಮೊಟ್ಟೆ ಒಡೆಯಬಹುದು? ಹೆಚ್ಚೆಂದರೆ ಒಂದು ಹಿಡಿಯಷ್ಟು. ಉಳಿದವೆಲ್ಲ ಹಾಳಾಗಿದ್ದು ತಾಯಿ ತಂದೆ ಎದ್ದು ಹೋದ ಕಾರಣಕ್ಕೆ. ಗೂಡು ಕಟ್ಟುವ ಹಕ್ಕಿ, ಅದರ ಮೇಲೆ ಹಾರಿ ಬರುವ ವಸ್ತು, ಇವೆರಡರ ನಡುವೆ ಏನಾಗುತ್ತದೆ ಎಂದು ಅರ್ಥ ಮಾಡಿಕೊಳ್ಳಲು ಈ ಒಂದು ವಿಷಯ ಹಿಡಿದುಕೊಂಡರೆ ಸಾಕು: ಬಹಳಷ್ಟು ಸಲ ಮೊಟ್ಟೆಯನ್ನು ಕೊಲ್ಲುವುದು ಮೇಲೆ ಬಂದದ್ದಲ್ಲ, ಕೆಳಗೆ ಖಾಲಿಯಾದ ಗೂಡು.

ಬೆಂಗಳೂರಿನಲ್ಲಿ ಕೂತು ಕಡಲ ಹಕ್ಕಿಯ ಬಗ್ಗೆ ಯಾಕೆ ಬರೆಯಬೇಕು ಅಂತ ಕೇಳಬಹುದು. ನಮ್ಮೂರಿಗೆ ಕಡಲಿಲ್ಲ, ನಿಜ. ಆದರೆ ಕ್ಯಾಮೆರಾ ಹಿಡಿದು ವಾರಾಂತ್ಯದಲ್ಲಿ ಭದ್ರಾ ಹಿನ್ನೀರಿಗೆ, ರಂಗನತಿಟ್ಟಿಗೆ, ಕೊಕ್ಕರೆ ಬೆಳ್ಳೂರಿಗೆ ಹೊರಡುವವರಲ್ಲಿ ಬಹಳ ಮಂದಿ ಇಲ್ಲಿಯವರೇ. ಡ್ರೋನ್ ಕೊಳ್ಳುವವರು, ಮಾಡುವವರು, ಮದುವೆ ಶೂಟಿಂಗ್‌ಗೆ ಬಾಡಿಗೆಗೆ ತರುವವರೂ ಇಲ್ಲಿ ಜಾಸ್ತಿ. ಕೆರೆ ಏರಿಯ ಮೇಲೆ ನಿಂತು ಡ್ರೋನ್ ಹಾರಿಸುವವರು ಈಗ ನಗರದ ಯಾವ ಮೂಲೆಯಲ್ಲಾದರೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಹಕ್ಕಿಯನ್ನು ಇಷ್ಟಪಡುವವರೇ. ಅದಕ್ಕೇ ಈ ವಿಷಯವನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಸ್ವೀಡನ್ನಿಗೆ ಹೋಗೋಣ. ಬಾಲ್ಟಿಕ್ ಸಮುದ್ರದ ಸ್ಟೋರಾ ಕಾರ್ಲ್ಸೊ ದ್ವೀಪದ ಕಡಿದಾದ ಬಂಡೆಗಳಲ್ಲಿ ಗಿಲ್ಲೆಮಾಟ್ ಎಂಬ ಕಡಲ ಹಕ್ಕಿಗಳ ದೊಡ್ಡ ವಸಾಹತು, ಅಂದರೆ ಒಂದೇ ಕಡೆ ಸೇರಿ ಮೊಟ್ಟೆ ಇಡುವ ಗುಂಪು, ಇದೆ. ಅವು ಗೂಡು ಕಟ್ಟುತ್ತವೆ ಅನ್ನುವುದೂ ಕಷ್ಟ. ಕಡ್ಡಿ ಇಲ್ಲ, ಹುಲ್ಲಿಲ್ಲ. ಬಂಡೆಯಿಂದ ಹೊರಚಾಚಿದ ಸಣ್ಣ ಅಂಚಿನ ಮೇಲೆ ಒಂದೇ ಒಂದು ಮೊಟ್ಟೆ. ಅದರ ಮೇಲೆ ತಂದೆಯೋ ತಾಯಿಯೋ ಕದಲದೆ ಕೂತಿರಬೇಕು. ಪಕ್ಕದಲ್ಲೇ ಮೈಗೆ ಮೈ ತಾಗಿಸಿಕೊಂಡು ಇನ್ನೊಂದು, ಮತ್ತೊಂದು. ಈ ದ್ವೀಪಕ್ಕೆ ಪ್ರತಿ ಬೇಸಿಗೆ ಪ್ರವಾಸಿಗರು ಬರುತ್ತಾರೆ.

2020ರಲ್ಲಿ ಕೋವಿಡ್ ಬಂತು, ಪ್ರವಾಸಿಗರು ಬರಲಿಲ್ಲ. ಜನ ಇಲ್ಲದಿದ್ದರೆ ಹಕ್ಕಿಗಳಿಗೆ ಹಬ್ಬ ಅಂತ ನಾವೆಲ್ಲ ಆ ವರ್ಷ ಅಂದುಕೊಂಡಿದ್ದೆವು, ಅಲ್ವಾ? ಅಲ್ಲಿ ಆಗಿದ್ದು ತದ್ವಿರುದ್ಧ. ಜನರಿಗೆ ಹೆದರಿ ದೂರ ಇರುತ್ತಿದ್ದ ಬಿಳಿಬಾಲದ ಕಡಲ ಹದ್ದುಗಳು ದ್ವೀಪಕ್ಕೆ ಬಂದವು. ಅವುಗಳ ಓಡಾಟ ಸುಮಾರು ಏಳು ಪಟ್ಟು ಹೆಚ್ಚಿತು ಎಂದು ಅಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು 2021ರಲ್ಲಿ ವರದಿ ಮಾಡಿದರು. ಹದ್ದು ಬಂಡೆಯ ಮುಂದೆ ಹಾದು ಹೋದಾಗಲೆಲ್ಲ ಗಿಲ್ಲೆಮಾಟ್‌ಗಳು ಗಾಬರಿಯಾಗಿ ಒಟ್ಟಿಗೆ ಹಾರಿದವು. ಆ ಗಡಿಬಿಡಿಯಲ್ಲಿ ಮೊಟ್ಟೆಗಳು ಅಂಚಿನಿಂದ ಉರುಳಿ ಬಿದ್ದವು. ಬೀಳದೆ ಉಳಿದವನ್ನು ಸೀಗಲ್ ಮತ್ತು ಕಾಗೆಗಳು ಎತ್ತಿಕೊಂಡು ಹೋದವು. ಆ ವರ್ಷ ಮರಿಗಳ ಸಂಖ್ಯೆ ವಾಡಿಕೆಗಿಂತ ಶೇಕಡಾ 26ರಷ್ಟು ಕಡಿಮೆಯಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಆ ನಷ್ಟಕ್ಕೆ ಹದ್ದು ಒಂದು ಮೊಟ್ಟೆಯನ್ನೂ ಮುಟ್ಟಬೇಕಾಗಿರಲಿಲ್ಲ. ಸುಮ್ನೆ ಹಾದು ಹೋದರೆ ಸಾಕಿತ್ತು. ಅಮೆರಿಕದ ಆರೆಗಾನ್ ತೀರದ ಯಾಕ್ವಿನಾ ಹೆಡ್ ಎಂಬಲ್ಲೂ ಇದೇ ಕಥೆ. ಅಲ್ಲಿ ಬೋಳು ಹದ್ದು ಬರುತ್ತದೆ, ಗಿಲ್ಲೆಮಾಟ್‌ಗಳು ಏಳುತ್ತವೆ, ಹಿಂದೆ ಕಾದು ಕೂತಿದ್ದ ಸೀಗಲ್‌ಗಳು ಮೊಟ್ಟೆಗಳ ಮೇಲೆ ಮುಗಿಬೀಳುತ್ತವೆ. ಹೆದರಿಸುವುದು ಒಬ್ಬರು, ತಿನ್ನುವುದು ಇನ್ನೊಬ್ಬರು.

ಹಾಗಾದರೆ ಹಕ್ಕಿ ಎದ್ದೇಳುವುದಾದರೂ ಯಾಕೆ? ಕೂತೇ ಇರಬಾರದಾ?

ಒಲೆಯ ಮೇಲೆ ಹಾಲಿಟ್ಟಾಗ ಬಾಗಿಲ ಬೆಲ್ ಆಗುತ್ತದಲ್ಲ, ಹಕ್ಕಿಯ ಪಾಡು ಹಾಗೆ. ಹೋದರೆ ಹಾಲು ಉಕ್ಕುತ್ತದೆ, ಹೋಗದಿದ್ದರೆ ಬಂದವರು ಯಾರು ಅಂತ ಗೊತ್ತಾಗುವುದಿಲ್ಲ. ವ್ಯತ್ಯಾಸ ಏನೆಂದರೆ ಹಕ್ಕಿಯ ಬಾಗಿಲಲ್ಲಿ ನಿಂತವರು ಪ್ರಾಣ ತೆಗೆಯಲೂ ಬಂದಿರಬಹುದು. ಕಡಲ ಹಕ್ಕಿಗಳಲ್ಲಿ ಬಹಳಷ್ಟು ದೀರ್ಘಾಯುಷಿಗಳು. ಮಿಡ್‌ವೇ ದ್ವೀಪದ 'ವಿಸ್ಡಮ್' ಎಂಬ ಆಲ್ಬಟ್ರಾಸ್ ಹಕ್ಕಿಯ ಕಾಲಿಗೆ ಉಂಗುರ ತೊಡಿಸಿದ್ದು 1956ರಲ್ಲಿ. ಅದು 2024ರಲ್ಲೂ ಮೊಟ್ಟೆ ಇಟ್ಟಿತು. ಇಂಥ ಆಯುಷ್ಯ ಇರುವ ಹಕ್ಕಿಗೆ ಈ ವರ್ಷದ ಒಂದು ಮೊಟ್ಟೆ ಹೋದರೆ ಮುಂದಿನ ವರ್ಷ ಇನ್ನೊಂದು ಇದೆ. ತಾನೇ ಹೋದರೆ ಮುಂದಿನ ಇಪ್ಪತ್ತು ಮೊಟ್ಟೆಗಳೂ ಹೋದಂತೆ. ಆದ್ದರಿಂದ ತನ್ನ ಜೀವಕ್ಕೆ ಅಪಾಯ ಅನ್ನಿಸಿದಾಗ ಅದು ಗೂಡು ಬಿಡುತ್ತದೆ. ಇದನ್ನು ಹೆದರುಪುಕ್ಕಲುತನ ಅನ್ನುವುದು ಅನ್ಯಾಯ.

ಆದರೆ ಎಲ್ಲ ಅಪಾಯಕ್ಕೂ ಒಂದೇ ಉತ್ತರ ಇಲ್ಲ. ಬಂದವರು ಮೊಟ್ಟೆ ಕಳ್ಳರೋ, ದೊಡ್ಡ ಹಕ್ಕಿಯನ್ನೇ ಹಿಡಿಯುವವರೋ ಅನ್ನುವುದರ ಮೇಲೆ ನಡವಳಿಕೆ ಪೂರ್ತಿ ಬದಲಾಗುತ್ತದೆ.

ಕಾಗೆಯೋ ಸೀಗಲ್ಲೋ ಬಂದರೆ ಟರ್ನ್‌ಗಳು ಎದ್ದು ಅದರ ಮೇಲೆಯೇ ಬೀಳುತ್ತವೆ. ಕಿರುಚುತ್ತವೆ, ಮೇಲಿನಿಂದ ಎರಗುತ್ತವೆ, ಕುಕ್ಕುತ್ತವೆ, ಹಿಕ್ಕೆ ಹಾಕುತ್ತವೆ. ಆರ್ಕ್ಟಿಕ್ ಟರ್ನ್‌ಗಳ ವಸಾಹತಿಗೆ ಹೋದ ಮನುಷ್ಯರ ತಲೆಗೂ ಪೆಟ್ಟು ಬೀಳುತ್ತದೆ. ಈ ಗುಂಪು ದಾಳಿ ನಿಜಕ್ಕೂ ಕೆಲಸ ಮಾಡುತ್ತದಾ ಎಂದು ಪರೀಕ್ಷಿಸಿದವರು ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ. ಇಂಗ್ಲೆಂಡಿನ ರೇವನ್‌ಗ್ಲಾಸ್ ಎಂಬಲ್ಲಿ ಕಪ್ಪುತಲೆಯ ಸೀಗಲ್‌ಗಳ ವಸಾಹತಿನ ಹೊರಗಿನಿಂದ ಒಳಗಿನವರೆಗೆ ಅವರು ಕೋಳಿಮೊಟ್ಟೆಗಳನ್ನು ಸಾಲಾಗಿ ಇಟ್ಟರು. ಹೊರಗಿನ ಮೊಟ್ಟೆಗಳನ್ನು ಕಾಗೆಗಳು ಆರಾಮಾಗಿ ತಿಂದವು. ಒಳಗೆ ಹೋದಷ್ಟೂ ಹೆಚ್ಚು ಸೀಗಲ್‌ಗಳು ಒಟ್ಟಿಗೆ ಮೇಲೆ ಬೀಳುತ್ತಿದ್ದವು, ಕಾಗೆಗೆ ಮೊಟ್ಟೆ ಸಿಗುವುದು ಅಷ್ಟೇ ಕಷ್ಟವಾಯಿತು. 1964ರಲ್ಲಿ ಪ್ರಕಟವಾದ ಈ ಕೆಲಸವನ್ನು ಇಂದಿಗೂ ಪಾಠದಲ್ಲಿ ಹೇಳುತ್ತಾರೆ. ಗುಂಪಿನ ನಡುವೆ ಜಾಗ ಹಿಡಿಯಲು ಹಕ್ಕಿಗಳು ಯಾಕೆ ಅಷ್ಟು ಜಗಳ ಆಡುತ್ತವೆ ಅನ್ನುವುದಕ್ಕೂ ಇದು ಉತ್ತರ.

ಅದೇ ಪೆರೆಗ್ರೀನ್ ಫಾಲ್ಕನ್ ಬಂದರೆ ಕಥೆ ಬೇರೆ. ಅದಕ್ಕೆ ಬೇಕಿರುವುದು ಮೊಟ್ಟೆ ಅಲ್ಲ, ಹಾರುವ ಹಕ್ಕಿ. ಅದರ ಹತ್ತಿರ ಹೋಗಿ ಕುಕ್ಕುವುದು ಮೂರ್ಖತನ. ಹಾಗಾಗಿ ಟರ್ನ್‌ಗಳು ಒತ್ತಾಗಿ ಗುಂಪುಗೂಡಿ ಹಾರುತ್ತವೆ, ಯಾವುದನ್ನು ಹಿಡಿಯಬೇಕು ಎಂದು ಬೇಟೆಗಾರನಿಗೆ ಗುರಿ ಸಿಗದ ಹಾಗೆ. ಅಟ್ಲಾಂಟಿಕ್‌ನ ಪಫಿನ್‌ಗಳು ವಸಾಹತಿನ ಮೇಲೆ ದೊಡ್ಡ ಚಕ್ರದಂತೆ ಸುತ್ತು ಹೊಡೆಯುವುದೂ ಇದೇ ಲೆಕ್ಕಾಚಾರದಲ್ಲಿ.

ರಾತ್ರಿ ಗೂಬೆ ಬಂದರೆ ಇನ್ನೂ ಕಷ್ಟ. ಕಾಣದ ಶತ್ರುವಿನ ಮೇಲೆ ಎರಗಲು ಆಗುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತೀರದಲ್ಲಿ ಗೂಬೆ ಕಾಟ ಇರುವ ಕಡೆ ಸಾಮಾನ್ಯ ಟರ್ನ್‌ಗಳು ರಾತ್ರಿಯಿಡೀ ವಸಾಹತು ಬಿಟ್ಟು ಹೋಗಿ ಬೆಳಗ್ಗೆ ವಾಪಸ್ ಬರುತ್ತವೆ. ರಾತ್ರಿ ತಣ್ಣಗಾದ ಮೊಟ್ಟೆಯಿಂದ ಮರಿ ತಡವಾಗಿ ಹೊರಬರುತ್ತದೆ, ಕೆಲವುದರಿಂದ ಬರುವುದೇ ಇಲ್ಲ. ಗೂಬೆ ತಿಂದದ್ದು ಒಂದೋ ಎರಡೋ ಹಕ್ಕಿ, ಹಾನಿಯಾಗುವುದು ಇಡೀ ವಸಾಹತಿಗೆ.

ಟರ್ನ್ ನೋಡುವವರು ಹೇಳುವ ಇನ್ನೊಂದು ವಿಚಿತ್ರ ವರ್ತನೆ ಇದೆ. ಕಿವಿಗಡಚಿಕ್ಕುವ ಗಲಾಟೆಯ ನಡುವೆ ಇದ್ದಕ್ಕಿದ್ದಂತೆ ಇಡೀ ವಸಾಹತು ಮೌನವಾಗುತ್ತದೆ. ಮರುಕ್ಷಣ ಎಲ್ಲವೂ ಒಟ್ಟಿಗೆ ಎದ್ದು, ನೀರಿನ ಮೇಲೆ ತಗ್ಗಾಗಿ ಹಾರಿ, ಒಂದು ಸುತ್ತು ಹೋಗಿ ವಾಪಸ್ ಬಂದು ಕೂರುತ್ತವೆ. ಎಷ್ಟೋ ಸಲ ಹತ್ತಿರದಲ್ಲಿ ಬೇಟೆಗಾರ ಇರುವುದೇ ಇಲ್ಲ. ಸುಳ್ಳು ಎಚ್ಚರಿಕೆಗೆ ತೆರುವ ಬೆಲೆ ಒಂದೆರಡು ನಿಮಿಷ, ನಿಜದ ಎಚ್ಚರಿಕೆಯನ್ನು ಕಡೆಗಣಿಸಿದರೆ ಜೀವ. ಹಕ್ಕಿಯ ದೃಷ್ಟಿಯಲ್ಲಿ ಈ ವ್ಯಾಪಾರದಲ್ಲಿ ಲಾಭವೇ ಇದೆ.

ಕಡಿದಾದ ಬಂಡೆಯಲ್ಲಿ ಗೂಡು ಕಟ್ಟುವ ಕಿಟ್ಟಿವೇಕ್ ಎಂಬ ಸೀಗಲ್ ಜಾತಿ ಇದಕ್ಕೆಲ್ಲ ಅಪವಾದ. ಅಲ್ಲಿಗೆ ನರಿ ಬರುವುದಿಲ್ಲ, ಬೇರೆ ಹಕ್ಕಿ ಇಳಿಯುವುದೂ ಕಷ್ಟ. 1957ರಲ್ಲಿ ಎಸ್ತರ್ ಕಲೆನ್ ಎಂಬ ಸಂಶೋಧಕಿ ತೋರಿಸಿದಂತೆ ಅವುಗಳಲ್ಲಿ ಗುಂಪು ದಾಳಿ ಕಡಿಮೆ, ಮರಿಗಳು ಓಡಿ ಅಡಗುವುದಿಲ್ಲ, ಒಡೆದ ಮೊಟ್ಟೆಚಿಪ್ಪನ್ನು ದೂರ ಒಯ್ಯುವ ಗೋಜೂ ಇಲ್ಲ. ಜಾಗವೇ ಕಾವಲಿದ್ದರೆ ಹಕ್ಕಿ ಗಾಬರಿಯಾಗುವ ಅಗತ್ಯವೇ ಇಲ್ಲ.

ಸರಿ, ಮೇಲೆ ಹೋಗುತ್ತಿರುವುದು ಶತ್ರು ಅಂತ ಹಕ್ಕಿಗೆ ಹೇಗೆ ಗೊತ್ತಾಗುತ್ತದೆ?

1930ರ ದಶಕದಲ್ಲಿ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ಕಾನ್ರಾಡ್ ಲೊರೆಂಟ್ಸ್ ಮತ್ತು ನಿಕೊ ಟಿನ್‌ಬರ್ಗನ್ ರಟ್ಟಿನ ಆಕೃತಿಗಳನ್ನು ಮರಿ ಹಕ್ಕಿಗಳ ಮೇಲೆ ದಾರದಲ್ಲಿ ಎಳೆದು ನೋಡಿದರು. ಒಂದೇ ಆಕೃತಿ. ಒಂದು ಕಡೆಗೆ ಎಳೆದರೆ ಕುತ್ತಿಗೆ ಗಿಡ್ಡ, ಬಾಲ ಉದ್ದ, ಅಂದರೆ ಡೇಗೆ. ಇನ್ನೊಂದು ಕಡೆಗೆ ಎಳೆದರೆ ಕುತ್ತಿಗೆ ಉದ್ದ, ಬಾಲ ಗಿಡ್ಡ, ಅಂದರೆ ಹೆಬ್ಬಾತು. ಡೇಗೆಯಂತೆ ಕಂಡಾಗ ಮರಿಗಳು ಹೆದರುತ್ತವೆ ಅನ್ನುವುದು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಆಮೇಲೆ ವೋಲ್ಫ್‌ಗಾಂಗ್ ಶ್ಲೈಟ್ ಟರ್ಕಿ ಕೋಳಿ ಮರಿಗಳ ಮೇಲೆ ಎಚ್ಚರಿಕೆಯಿಂದ ಮತ್ತೆ ಪರೀಕ್ಷೆ ಮಾಡಿದರು. ಅವರು ಕಂಡದ್ದು ಹೆಚ್ಚು ಸರಳ, ನನ್ನ ಮಟ್ಟಿಗೆ ಹೆಚ್ಚು ಸುಂದರ: ದಿನಾ ಕಾಣುವ ಆಕಾರಕ್ಕೆ ಮರಿ ಒಗ್ಗಿಕೊಳ್ಳುತ್ತದೆ, ಅಪರೂಪಕ್ಕೆ ಕಾಣುವುದಕ್ಕೆ ಹೆದರುತ್ತದೆ. ಬಾತುಗಳು ದಿನವೂ ಹಾರುತ್ತವೆ, ಡೇಗೆ ಎಂದೋ ಒಮ್ಮೆ. ಡೇಗೆಯ ಭಯದ ದೊಡ್ಡ ಪಾಲು ಈ ಅಪರೂಪದಿಂದಲೇ ಬರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಸಿಗಲಾರದು. ನಮ್ಮ ಆಕಾಶದ ತುಂಬ ಹದ್ದುಗಳು. ಮಾಂಸದಂಗಡಿ, ಕಸದ ರಾಶಿ, ಮೊಬೈಲ್ ಟವರ್, ಎಲ್ಲಿ ನೋಡಿದರೂ ಕರಿಹದ್ದು ಸುತ್ತುತ್ತಿರುತ್ತದೆ. ಕೆರೆಯ ಒಣಗಿದ ಅಂಚಿನಲ್ಲಿ, ಖಾಲಿ ಸೈಟಿನ ಜಲ್ಲಿಯ ಮೇಲೆ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುತ್ತದೆ. ಅದು ಕಡಲ ಹಕ್ಕಿಯಲ್ಲ, ಆದರೆ ಬಟಾಬಯಲಿನಲ್ಲಿ ನೆಲದ ಮೇಲೆ ಕಾವು ಕೂರುವ ಕಷ್ಟ ಟರ್ನ್‌ಗೂ ಅದಕ್ಕೂ ಒಂದೇ.

ಯಲಹಂಕ ಕಡೆಯ ಒಂದು ಕೆರೆಯ ಅಂಚಿನಲ್ಲಿ ಇಂಥ ಒಂದು ಜೋಡಿಯನ್ನು ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡುತ್ತಾ ಕೂತಿದ್ದೆ. ಮೇಲೆ ಎತ್ತರದಲ್ಲಿ ಐದಾರು ಹದ್ದುಗಳು ಸುತ್ತುತ್ತಿದ್ದವು. ಕಾವು ಕೂತ ಹಕ್ಕಿ ತಲೆಯನ್ನು ಒಂದು ಬದಿಗೆ ವಾಲಿಸಿ ಒಂದೇ ಕಣ್ಣಿನಲ್ಲಿ ಆಕಾಶ ನೋಡುತ್ತಿತ್ತು. ಅಷ್ಟೇ. ಎದ್ದೇಳಲಿಲ್ಲ. ಒಂದು ಹದ್ದು ಗುಂಪಿನಿಂದ ಬೇರೆಯಾಗಿ ಕೆರೆಯ ಮೇಲೆ ತಗ್ಗಾಗಿ, ನೇರ ಗೆರೆಯಲ್ಲಿ ಬರತೊಡಗಿತು. ಆಗ ಜೊತೆಯ ಹಕ್ಕಿ ಕಿರುಚುತ್ತಾ ಎದ್ದು ಹದ್ದಿನ ಬೆನ್ನ ಹಿಂದೆ ಬಿತ್ತು. ಕೂತದ್ದು ಮಾತ್ರ ಇನ್ನೂ ತಗ್ಗಿ ನೆಲಕ್ಕೆ ಅಂಟಿಕೊಂಡಿತು. ಅದೇ ಹದ್ದು, ಅದೇ ಕೆರೆ. ಬದಲಾಗಿದ್ದು ಎತ್ತರ ಮತ್ತು ದಾರಿ, ಅಷ್ಟೇ. ಬಂದದ್ದು ಏನು ಅನ್ನುವಷ್ಟೇ, ಹೇಗೆ ಬರುತ್ತಿದೆ ಅನ್ನುವುದೂ ಅದಕ್ಕೆ ಮುಖ್ಯವಾಗಿತ್ತು.

ಈಗ ಡ್ರೋನಿಗೆ ಬರೋಣ. ಡ್ರೋನ್ ಹದ್ದಿನಂತೆ ಕಾಣುವುದಿಲ್ಲ, ಹದ್ದಿನಂತೆ ಹಾರುವುದೂ ಇಲ್ಲ. ನಿಂತಲ್ಲೇ ನಿಲ್ಲುತ್ತದೆ, ಝೇಂಕರಿಸುತ್ತದೆ, ನೆಟ್ಟಗೆ ಕೆಳಗೆ ಇಳಿಯುತ್ತದೆ. ಇದರ ಬಗ್ಗೆ ಮೊದಲು ಕ್ರಮಬದ್ಧ ಪ್ರಯೋಗ ಮಾಡಿದವರಲ್ಲಿ ಫ್ರಾನ್ಸಿನ ಒಂದು ತಂಡ ಸೇರುತ್ತದೆ. ಅವರ ಫಲಿತಾಂಶ 2015ರಲ್ಲಿ ಬಂತು. ಬಾತುಕೋಳಿ, ಫ್ಲೆಮಿಂಗೊ ಮತ್ತು ಗ್ರೀನ್‌ಶ್ಯಾಂಕ್ ಹಕ್ಕಿಗಳ ಹತ್ತಿರ 204 ಸಲ ಡ್ರೋನ್ ಹಾರಿಸಿದರು. ಡ್ರೋನಿನ ಬಣ್ಣ ಯಾವುದಾದರೂ ವ್ಯತ್ಯಾಸ ಕಾಣಲಿಲ್ಲ. ವೇಗ ಹೆಚ್ಚು ಕಡಿಮೆ ಮಾಡಿದರೂ ಕಾಣಲಿಲ್ಲ. ನೂರಕ್ಕೆ 80 ಸಲ ನಾಲ್ಕು ಮೀಟರಿನಷ್ಟು ಹತ್ತಿರ ಹೋದರೂ ಹಕ್ಕಿಗಳು ಹೊರಗೆ ಕಾಣುವಂತೆ ಪ್ರತಿಕ್ರಿಯಿಸಲಿಲ್ಲ. ಎದ್ದು ಕಂಡ ವ್ಯತ್ಯಾಸ ಒಂದೇ: ನೆತ್ತಿಯ ಮೇಲಿನಿಂದ ನೆಟ್ಟಗೆ ಇಳಿದಾಗ ಹಕ್ಕಿಗಳು ಬೆದರಿದವು. ಓರೆಯಾಗಿ ಬಂದರೆ ಅಷ್ಟು ಬೆದರಲಿಲ್ಲ. ಬೇಟೆಗಾರ ಹಕ್ಕಿ ಮೇಲಿನಿಂದ ಎರಗುವುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಂಟಾರ್ಕ್ಟಿಕಾದ ಅಡೇಲಿ ಪೆಂಗ್ವಿನ್‌ಗಳಲ್ಲೂ ಇಂಥದ್ದೇ ಫಲಿತಾಂಶ ಬಂತು.

'ನಾಲ್ಕು ಮೀಟರ್ ತನಕ ಏನೂ ಆಗಲ್ಲ' ಎಂದು ಯಾರಾದರೂ ಇದನ್ನು ಓದಿಕೊಂಡರೆ ಅದು ಅಪಾಯದ ಓದು. ಅವು ಮೊಟ್ಟೆಯ ಮೇಲೆ ಕೂತು ಕದಲಲಾಗದ ಹಕ್ಕಿಗಳಾಗಿರಲಿಲ್ಲ. ಇನ್ನೊಂದು ಕಾರಣವೂ ಇದೆ. ಏಳಲಿಲ್ಲ ಅಂದರೆ ಹೆದರಲಿಲ್ಲ ಅಂತ ಅರ್ಥವಲ್ಲ. 2015ರಲ್ಲೇ ಅಮೆರಿಕದ ಮಿನ್ನೆಸೋಟದಲ್ಲಿ ಕರಡಿಗಳ ಎದೆಬಡಿತ ಅಳೆಯುವ ಸಾಧನ ಅಳವಡಿಸಿ ಅವುಗಳ ಮೇಲೆ ಡ್ರೋನ್ ಹಾರಿಸಿದರು. ಹೆಚ್ಚಿನ ಕರಡಿಗಳು ಜಾಗ ಬಿಟ್ಟು ಕದಲಲಿಲ್ಲ. ಎದೆಬಡಿತ ಮಾತ್ರ ಏರಿತ್ತು. ಮರಿಗಳಿದ್ದ ಒಂದು ತಾಯಿ ಕರಡಿಯಲ್ಲಿ ನಿಮಿಷಕ್ಕೆ 120ಕ್ಕೂ ಜಾಸ್ತಿ ಬಡಿತ ಹೆಚ್ಚಿತು. ಅಷ್ಟು ದೊಡ್ಡ ಪ್ರಾಣಿಯೇ ಹೊರಗೆ ತೋರಿಸದೆ ಒಳಗೆ ಅಷ್ಟು ನಡುಗಿದ್ದರೆ, ಕಾವು ಕೂತ ಹಕ್ಕಿಯ ಸ್ಥಿರತೆಯನ್ನು ನೋಡಿ 'ಒಗ್ಗಿಕೊಂಡಿದೆ' ಎಂದು ತೀರ್ಮಾನಿಸುವ ಮೊದಲು ನಾವು ಸ್ವಲ್ಪ ತಡೆಯಬೇಕು.

ಹಾಗೆಂದು ಡ್ರೋನ್ ಅಂದರೆ ಹಕ್ಕಿಗೆ ವಿಷ ಅನ್ನುವುದೂ ಸರಿಯಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸಾಮಾನ್ಯ ಟರ್ನ್‌ಗಳ ದೊಡ್ಡ ವಸಾಹತನ್ನು ಸಣ್ಣ ವಿಮಾನದಂಥ ಡ್ರೋನಿನಿಂದ ಎಣಿಸಿದಾಗ ಹಕ್ಕಿಗಳು ಬೇಗ ಒಗ್ಗಿಕೊಂಡವು. ಆಸ್ಟ್ರೇಲಿಯಾದಲ್ಲಿ ಒಂದು ತಂಡ ಕಡಲತೀರದ ಮೇಲೆ ಸಾವಿರಾರು ಪ್ಲಾಸ್ಟಿಕ್ ಬಾತುಗಳನ್ನಿಟ್ಟು ಸುಳ್ಳು ವಸಾಹತು ಮಾಡಿತು. ಪಳಗಿದ ಪಕ್ಷಿ ವೀಕ್ಷಕರು ನೆಲದಿಂದ ಎಣಿಸಿದರು, ಡ್ರೋನ್ ಮೇಲಿನಿಂದ ಫೋಟೊ ತೆಗೆಯಿತು. ಸರಿ ಲೆಕ್ಕ ಮೊದಲೇ ಗೊತ್ತಿತ್ತಲ್ಲ, ಹೋಲಿಸಿ ನೋಡಿದರೆ ಡ್ರೋನಿನ ಎಣಿಕೆಯೇ ಹೆಚ್ಚು ಕರಾರುವಾಕ್ಕಾಗಿತ್ತು. ಅಲ್ಲದೆ ಎಣಿಸಲು ವಸಾಹತಿನ ನಡುವೆ ಮನುಷ್ಯ ನಡೆದು ಹೋದರೆ ಆಗುವ ಗಾಬರಿ ಡ್ರೋನಿಗಿಂತ ಎಷ್ಟೋ ಹೆಚ್ಚು.

ಒಂದು ಕಡೆ ಟರ್ನ್‌ಗಳು ಒಗ್ಗಿಕೊಂಡವು, ಇನ್ನೊಂದು ಕಡೆ, ಬೋಲ್ಸಾ ಚಿಕಾದಲ್ಲಿ, ಸಾವಿರಕ್ಕೂ ಜಾಸ್ತಿ ಮೊಟ್ಟೆ ಬಿಟ್ಟು ಹೋದವು. ಎರಡೂ ಟರ್ನ್‌ಗಳೇ, ಎರಡೂ ಡ್ರೋನ್‌ಗಳೇ. ನನಗೆ ಕಾಣುವ ವ್ಯತ್ಯಾಸ ಇದು: ಎಣಿಕೆಯ ಡ್ರೋನ್ ಎತ್ತರದಲ್ಲಿ ಒಂದೇ ಗೆರೆಯಲ್ಲಿ ಹೋಗಿ ಬರುತ್ತದೆ. ಎತ್ತರದಲ್ಲಿ ಸುತ್ತುವ ಹದ್ದಿನ ಹಾಗೆ, ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಹಕ್ಕಿ ಊಹಿಸಬಹುದು. ಮೋಜಿಗೆ ಹಾರಿಸುವ ಡ್ರೋನ್ ಹಕ್ಕಿಗಳಿರುವ ಕಡೆಗೇ ತಿರುಗುತ್ತದೆ, ನಿಲ್ಲುತ್ತದೆ, ಇನ್ನೂ ಚೆನ್ನಾಗಿ ಕಾಣಲಿ ಎಂದು ಇಳಿಯುತ್ತದೆ. ಹಕ್ಕಿಯ ಭಾಷೆಯಲ್ಲಿ ಅದು ಬೇಟೆಯ ನಡೆ.

ವಿಮಾನಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ಪಕ್ಕದ ಜಮೈಕಾ ಬೇಯಲ್ಲಿ ಹೆರಿಂಗ್ ಗಲ್‌ಗಳನ್ನು ಜೊವಾನಾ ಬರ್ಗರ್ ಅಧ್ಯಯನ ಮಾಡಿ 1981ರಲ್ಲಿ ಬರೆದರು. ದಿನಾ ಹೋಗುವ ಮಾಮೂಲಿ ವಿಮಾನಗಳಿಗೆ ಅವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ಕಾಂಕಾರ್ಡ್ ವಿಮಾನ ಹೋದಾಗ ಮಾತ್ರ ಹೆಚ್ಚು ಹಕ್ಕಿಗಳು ಏಳುತ್ತಿದ್ದವು, ವಾಪಸ್ ಇಳಿಯುವಾಗ ಪಕ್ಕದವರ ಜೊತೆ ಜಗಳವಾಗಿ ಮೊಟ್ಟೆಗಳು ಒಡೆಯುತ್ತಿದ್ದವು. ಯಲಹಂಕದ ಪುಟ್ಟೇನಹಳ್ಳಿ ಕೆರೆ ವಾಯುನೆಲೆಗೆ ಹತ್ತಿರವೇ ಇದೆ. ಮಾಮೂಲಿ ಸದ್ದಿಗೆ ಒಗ್ಗಿದ ಹಕ್ಕಿ ಹೊಸ ಸದ್ದಿಗೂ ಒಗ್ಗಿರುತ್ತದೆ ಎಂದು ಅಲ್ಲಿ ಯಾರೂ ಭಾವಿಸಬಾರದು.

ಇನ್ನು ಭದ್ರಾ. ಲಕ್ಕವಳ್ಳಿ ಅಣೆಕಟ್ಟೆಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ನಡುವೆ ಬೋಳು ದ್ವೀಪಗಳು ಮೇಲೆದ್ದು ಕಾಣುತ್ತವೆ. ಅವುಗಳ ಮೇಲೆ ರಿವರ್ ಟರ್ನ್‌ಗಳು ಸಾವಿರಗಟ್ಟಲೆ ಸೇರಿ ಮೊಟ್ಟೆ ಇಡುತ್ತವೆ. ಕಡಲ ಟರ್ನ್‌ಗಳ ಹತ್ತಿರದ ನೆಂಟ ಇದು, ಸ್ವಭಾವವೂ ಅದೇ. ಜಾಗತಿಕವಾಗಿ ಇದರ ಸಂಖ್ಯೆ ಇಳಿಯುತ್ತಿದೆ. ರಂಗನತಿಟ್ಟಿನ ಕಾವೇರಿ ಬಂಡೆಗಳ ಮೇಲೂ ಇವು ಗೂಡು ಮಾಡುತ್ತವೆ. ಗೂಡು ಅಂದರೆ ನೆಲದಲ್ಲೊಂದು ಸಣ್ಣ ಗುಳಿ, ಅದರಲ್ಲಿ ಎರಡು ಮೂರು ಚುಕ್ಕೆ ಮೊಟ್ಟೆ. ಪಕ್ಕದಲ್ಲಿ ನಿಂತರೂ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಭದ್ರಾ ಹಿನ್ನೀರಿನ ಬೋಟಿನಲ್ಲಿ ನನ್ನ ಪಕ್ಕ ಕೂತಿದ್ದ ಬೆಂಗಳೂರಿನ ಯುವಕನೊಬ್ಬ ದೊಡ್ಡ ಲೆನ್ಸ್ ಹಿಡಿದು, "ಅಣ್ಣಾ, ಇನ್ನೊಂಚೂರು ಹತ್ರ ಹೋಗಿ, ಎಲ್ಲ ಒಟ್ಟಿಗೆ ಹಾರಿದ್ರೆ ಒಳ್ಳೆ ಫೋಟೊ ಸಿಗುತ್ತೆ" ಅಂದ. ಬೋಟ್ ನಡೆಸುವವರು ಇಂಜಿನ್ ತಗ್ಗಿಸಿ, "ಬೇಡ ಸಾರ್. ಈ ಬಿಸಿಲಿಗೆ ಅವು ಎದ್ರೆ ಮೊಟ್ಟೆ ಬೆಂದೋಗ್ತವೆ. ಆ ಕಾಗೆ ನೋಡಿ, ಅದಕ್ಕೇ ಕಾಯ್ತಾ ಕೂತಿದೆ" ಅಂದರು. ಒಣಗಿದ ಮರದ ಬೊಡ್ಡೆಯ ಮೇಲೆ ಎರಡು ಕಾಗೆ ಕೂತಿದ್ದವು. ಹುಡುಗ ಆಮೇಲೆ ಒತ್ತಾಯ ಮಾಡಲಿಲ್ಲ. ಕಾಗೆಗಳನ್ನೇ ಸ್ವಲ್ಪ ಹೊತ್ತು ನೋಡಿದ.

ಬೋಟಿನವರು ಹೇಳಿದ್ದು ಅಕ್ಷರಶಃ ಸತ್ಯ. ಸ್ವೀಡನ್ನಿನಲ್ಲಿ ಹಕ್ಕಿ ಮೊಟ್ಟೆಯನ್ನು ಬೆಚ್ಚಗಿಡಲು ಕೂರುತ್ತದೆ. ನಮ್ಮಲ್ಲಿ ಮಾರ್ಚ್ ಏಪ್ರಿಲ್ ಮಧ್ಯಾಹ್ನ ಅದು ಕೂರುವುದು ಮೊಟ್ಟೆಗೆ ನೆರಳಾಗಲು. ಕಾದ ಮರಳಿನ ಮೇಲೆ ತೆರೆದಿಟ್ಟ ಮೊಟ್ಟೆಯೊಳಗಿನ ಉಷ್ಣತೆ 40 ಡಿಗ್ರಿ ದಾಟಿದರೆ ಮರಿಯ ಜೀವಕ್ಕೆ ಅಪಾಯ. ಟಿಟ್ಟಿಭಗಳು ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದು ಇದಕ್ಕೇ. ತಂಪು ದೇಶದ ಮೊಟ್ಟೆ ಸ್ವಲ್ಪ ಹೊತ್ತಿನ ಅಡಚಣೆ ತಡೆದುಕೊಳ್ಳಬಹುದು. ನಮ್ಮ ಬಿಸಿಲಿನಲ್ಲಿ ಅಷ್ಟು ಸಮಯ ಇಲ್ಲ. ಯುರೋಪಿನ ಪ್ರಯೋಗದಲ್ಲಿ ಸುರಕ್ಷಿತ ಅನ್ನಿಸಿದ ದೂರವನ್ನು ಹಾಗೇ ತಂದು ಇಲ್ಲಿ ಬಳಸಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನಿಜವಾದ ಕಡಲ ಹಕ್ಕಿಗಳ ಗೂಡು ನಮ್ಮ ಪಶ್ಚಿಮ ಸಮುದ್ರದಲ್ಲೂ ಇವೆ. ವೆಂಗುರ್ಲಾ ಬಂಡೆಗಳಲ್ಲಿ ಬ್ರೈಡಲ್ಡ್ ಟರ್ನ್, ಲಕ್ಷದ್ವೀಪದ ಪಿಟ್ಟಿ ಎಂಬ ಪುಟ್ಟ ಮರಳು ದಿಬ್ಬದಲ್ಲಿ ಕ್ರೆಸ್ಟೆಡ್ ಟರ್ನ್, ಸೂಟಿ ಟರ್ನ್. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದೇ ಗೂಡು ಕಟ್ಟುತ್ತದೆ. ನೇತ್ರಾಣಿಗೆ ಈಗ ಸ್ಕೂಬಾ ಡೈವಿಂಗ್‌ಗೆ ಹೋಗುವವರು ಹೆಚ್ಚು, ಡ್ರೋನೂ ಜೊತೆಗೆ ಹೋಗುತ್ತದೆ. ಬೇಟೆಗಾರ ಹಕ್ಕಿಯೂ ಕೂಡ ತನ್ನ ಗೂಡಿನ ಮೇಲೆ ಬಂದದ್ದನ್ನು ಸಹಿಸುವುದಿಲ್ಲ ಅನ್ನುವುದನ್ನು ಅವರು ನೆನಪಿಡಬೇಕು.

ಕಾನೂನು ಏನು ಹೇಳುತ್ತದೆ? 2021ರ ಡ್ರೋನ್ ನಿಯಮಗಳು ಡ್ರೋನ್‌ಗಳನ್ನು ತೂಕದ ಮೇಲೆ ವಿಂಗಡಿಸುತ್ತವೆ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ, ಹೀಗೆ. ನ್ಯಾನೊ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ 400 ಅಡಿವರೆಗೆ ಹಾರಿಸಲು ಮುಂಗಡ ಅನುಮತಿಯೂ ಬೇಡ. ಮನುಷ್ಯರ ತಲೆಯ ಮೇಲೆ ಬಿದ್ದರೆ ಎಷ್ಟು ಪೆಟ್ಟಾಗುತ್ತದೆ ಎಂದು ಯೋಚಿಸಿದರೆ ತೂಕದ ಲೆಕ್ಕ ಸರಿಯೇ. ಹಕ್ಕಿಗೆ ತೂಕ ಕಾಣುವುದಿಲ್ಲ. ಅದು ನೋಡುವುದು ಎತ್ತರ, ದಿಕ್ಕು, ಇಳಿಯುವ ರೀತಿ. 249 ಗ್ರಾಂ ಡ್ರೋನ್ ನೆತ್ತಿಯ ಮೇಲೆ ನೆಟ್ಟಗೆ ಇಳಿದರೆ, ಎತ್ತರದಲ್ಲಿ ನೇರ ಹೋಗುವ ಐದು ಕಿಲೊ ಡ್ರೋನಿಗಿಂತ ಹೆಚ್ಚು ಹಾನಿ ಮಾಡಬಲ್ಲದು.

ಇನ್ನೊಂದು ಕಾನೂನು ಹಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬುದರ ವ್ಯಾಖ್ಯಾನ ಬಂದೂಕಿಗೆ ನಿಲ್ಲುವುದಿಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಅದರೊಳಗೆ ಬರುತ್ತದೆ. ಅಂದರೆ ಹಕ್ಕಿಯನ್ನು ಗೂಡಿನಿಂದ ಎಬ್ಬಿಸಿ ತೆಗೆದ ಡ್ರೋನ್ ಶಾಟ್ ಕಾನೂನಿನ ಕಣ್ಣಲ್ಲಿ ಬೇಟೆ ಆಗಬಲ್ಲದು. ಇದು ಎಷ್ಟು ಜನ ಡ್ರೋನ್ ಮಾಲೀಕರಿಗೆ ಗೊತ್ತು? ಭದ್ರಾ ಹುಲಿ ಮೀಸಲು ಪ್ರದೇಶದಂಥ ಕಡೆ ಅರಣ್ಯ ಇಲಾಖೆಯ ಕಾವಲಾದರೂ ಇದೆ. ಅಭಯಾರಣ್ಯದ ಗಡಿಯಾಚೆಗಿನ ನದಿ ಬಂಡೆ, ಹಳ್ಳಿ ಕೆರೆ, ನಗರದ ಕೆರೆ ನಡುವಿನ ಮಣ್ಣಿನ ದ್ವೀಪ, ಇಲ್ಲಿ ಕೇಳುವವರು ಯಾರೂ ಇಲ್ಲ. ನಷ್ಟ ಆಗುತ್ತಿರುವುದೂ ಇಂಥ ಕಡೆಯೇ ಎಂದು ನನ್ನ ಅನುಮಾನ.

ನನ್ನ ನಿಲುವು ಇದು. ಗೂಡು ಕಟ್ಟುವ ಕಾಲದಲ್ಲಿ ವಸಾಹತಿನ ಮೇಲೆ ಮೋಜಿನ ಡ್ರೋನ್ ಬೇಡವೇ ಬೇಡ, ಎಷ್ಟೇ ಸಣ್ಣದಿರಲಿ. ಎಣಿಕೆಗೆ ಬೇಕಾದರೆ ಇಲಾಖೆಯ ಅನುಮತಿಯಲ್ಲಿ, ಬೆಳಗಿನ ತಂಪಿನಲ್ಲಿ, ಒಂದೇ ಸಲ, ಎತ್ತರದಲ್ಲಿ ನೇರ ಗೆರೆಯಲ್ಲಿ ಹೋಗಿ ಬರಲಿ. ಡ್ರೋನನ್ನು ನೆಲದಿಂದ ಮೇಲೇರಿಸುವುದು ನೂರು ಮೀಟರಿಗಿಂತ ದೂರದಿಂದ ಇರಲಿ, ಹಕ್ಕಿಯ ಮೇಲೆ ಇಳಿಸುವುದು ಬೇಡ. ಹಕ್ಕಿ ಏಳುವ ತನಕ ಕಾಯಬಾರದು. ತಲೆ ಎತ್ತಿ ಕುತ್ತಿಗೆ ನಿಮಿರಿಸಿತು ಅಂದರೆ ಅದೇ ಎಚ್ಚರಿಕೆ, ಅಲ್ಲಿಂದಲೇ ವಾಪಸ್ ತಿರುಗಿಸಬೇಕು. ಮತ್ತೆ, ಹಾರಿಸುವವರ ಜೊತೆ ಇನ್ನೊಬ್ಬರು ಇರಲಿ. ಅವರ ಕೆಲಸ ಪರದೆ ನೋಡುವುದಲ್ಲ, ಸುತ್ತ ಕಾಗೆ ಹದ್ದು ಎಲ್ಲಿ ಕೂತಿವೆ ಎಂದು ನೋಡುವುದು.

ಬೆಂಗಳೂರಿನ ಫೋಟೊಗ್ರಫಿ ಕ್ಲಬ್‌ಗಳು, ಸ್ಪರ್ಧೆ ನಡೆಸುವವರು ಮನಸ್ಸು ಮಾಡಿದರೆ ಇದರಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ವಸಾಹತಿನ ಹಕ್ಕಿಗಳು ಒಟ್ಟಿಗೆ ಎದ್ದು ಹಾರುವ ಚಿತ್ರಕ್ಕೆ ಬಹುಮಾನ, ಲೈಕು ಸಿಗುವುದು ನಿಲ್ಲಬೇಕು. ಮೇಲಿನಿಂದ ತೆಗೆದ ಗೂಡಿನ ಚಿತ್ರವನ್ನು ಸ್ಪರ್ಧೆಗೆ ತೆಗೆದುಕೊಳ್ಳಲೇಬಾರದು. ಹಿನ್ನೀರಿನಲ್ಲಿ ಬೋಟ್ ಸಫಾರಿ ನಡೆಸುವವರು ಬೋಟಿನವರಿಗೆ 'ಇನ್ನು ಹತ್ತಿರ ಹೋಗುವುದಿಲ್ಲ' ಎಂದು ಹೇಳುವ ಅಧಿಕಾರವನ್ನು ಬರವಣಿಗೆಯಲ್ಲಿ ಕೊಡಬೇಕು. ಈಗ ಅವರು ಪ್ರವಾಸಿಗರ ಮುಲಾಜಿಗೆ ಬೀಳಬೇಕಾಗುತ್ತದೆ, ಟಿಪ್ಸ್ ಬೇರೆ ಅದರ ಮೇಲೆ ನಿಂತಿರುತ್ತದೆ. ಎಷ್ಟು ದೂರದಲ್ಲಿ ನಿಲ್ಲಬೇಕು, ಮಧ್ಯಾಹ್ನ ಎಷ್ಟು ಗಂಟೆಯ ನಂತರ ದ್ವೀಪದ ಕಡೆ ಹೋಗಬಾರದು, ಡ್ರೋನ್ ತೆಗೆದರೆ ದಂಡ ಎಷ್ಟು ಎಂಬುದು ಕನ್ನಡದಲ್ಲಿ ಟಿಕೆಟ್ಟಿನ ಹಿಂಬದಿಯಲ್ಲೇ ಅಚ್ಚಾಗಲಿ. ಮುಂದಿನ ಬೇಸಿಗೆಗೆ ನೀರು ಇಳಿದು ದ್ವೀಪಗಳು ಕಾಣಿಸಿಕೊಳ್ಳುವ ಮೊದಲೇ ಇದನ್ನು ಮಾಡಿ ಮುಗಿಸಬಹುದು.